ಅವಳ ರಕ್ತದಲ್ಲಿ ಕಬ್ಬಿಣ ಜಾಸ್ತಿಯಂತೆ

ಕಪ್ಸಬೆಟ್
11 ಫೆಬ್ರವರಿ 1996

ಮಗಳು ಲೋಯಿಸ್‌ಗೆ,

ನಿನ್ನ ಕಾಗದ ಬಂತು. ಎರಡು ಹಾಳೆಯನ್ನೂ ಓದಿದೆ. ಮೊದಲ ಹಾಳೆಯಲ್ಲಿ ಕೋಚ್ ಜೆಮಯೊ ಹೀಗಂದರು, ಎರಡನೇ ಹಾಳೆಯಲ್ಲಿ ಕೋಚ್ ಜೆಮಯೊ ಹಾಗಂದರು. ಕೊನೆಗೆ ಮೂಲೆಯಲ್ಲಿ ‘ಅವ್ವಾ, ಹೇಗಿದ್ದೀಯ’ ಅಂತ ಒಂದು ಸಾಲು. ಅದೂ ಜಾಗ ಉಳಿದಿತ್ತಲ್ಲ ಅಂತ ಬರೆದ ಹಾಗಿತ್ತು. ಚೆನ್ನಾಗಿದ್ದೀನಿ ಕಣೆ.

ಕ್ಯಾಂಪಿನ ಹುಡುಗಿಯರೆಲ್ಲ ಅವಳನ್ನು ಅವ್ವ ಅಂತಲೇ ಕರೀತಾರೆ ಅಂದಿದ್ದೀಯ. ಕರೀಲಿ. ಅವಳಿಗೆ ಮಕ್ಕಳಿಲ್ಲ, ಆಸೆ ಇರುತ್ತೆ. ನೀನು ಮಾತ್ರ ಕೋಚ್ ಅನ್ನು. ನಿನ್ನವ್ವ ಇನ್ನೂ ಸತ್ತಿಲ್ಲ.

ಜೆಮಯೊ ಎಂಥವಳು ಅಂತ ನನಗೆ ನೀನು ಹೇಳಬೇಕಾಗಿಲ್ಲ. ನಾವಿಬ್ಬರೂ ಒಂದೇ ಜಿಲ್ಲೆಯ ತಂಡಕ್ಕೆ ಓಡಿದವರು, ಒಂದೇ ಕೋಣೆಯಲ್ಲಿ ಮಲಗಿ ಎದ್ದವರು. ಅಭ್ಯಾಸದಲ್ಲಿ ದಿನಾ ನನ್ನ ಬೆನ್ನು ನೋಡಿಕೊಂಡೇ ಓಡ್ತಿದ್ದಳು. ನಕುರುವಿನ ಆಯ್ಕೆ ಓಟದಲ್ಲಿ ಮಾತ್ರ ನನ್ನ ಮುಂದೆ ಹೋದಳು. ಆ ಒಂದು ಓಟಕ್ಕೆ ವಿಮಾನ ಹತ್ತಿದಳು, ಪದಕ ಹಾಕಿಸಿಕೊಂಡಳು, ಈಗ ಇಟೆನ್‌ನಲ್ಲಿ ಕ್ಯಾಂಪು ನಡೆಸ್ತಾಳೆ. ನಾನು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಚಹಾ ಎಲೆ ಕೀಳ್ತೀನಿ. ನಮ್ಮಿಬ್ಬರಿಗೂ ಅಷ್ಟೇ ವ್ಯತ್ಯಾಸ.

ಓಟದಲ್ಲಿ ಹಿಂದೆ ಬೀಳ್ತಿದ್ದೀನಿ ಅಂತ ಬರೆದಿದ್ದೀಯಲ್ಲ, ಯಾಕೆ? ಜೂನ್‌ನಲ್ಲಿ ಕೆನ್ಯಾ ತಂಡದ ಆಯ್ಕೆ. ಸೋಮಾರಿತನ ಬಿಡು. ಸೋಮಾರಿ ಅನ್ನೋ ಮಾತನ್ನ ನಮ್ಮ ಮನೆಯವರು ಕೇಳಿಸಿಕೊಂಡದ್ದು ಸಾಕು.

ಮಟಾಟು ವ್ಯಾನಿನ ಡ್ರೈವರ್ ಕೈಯಲ್ಲಿ ಒಂದು ಸೋರೆಬುರುಡೆ ಹುಳಿಹಾಲು, ಒಂದು ಡಬ್ಬಿ ನಮ್ಮ ತೋಟದ ಚಹಾ ಕಳಿಸಿದ್ದೀನಿ. ಊಟದ ಜೊತೆ ಗಟ್ಟಿಯಾಗಿ ಕಾಯಿಸಿ ಕುಡಿ. ಕಾಲಿಗೆ ಬಲ ಬರುತ್ತೆ.

ನಿನ್ನ ಒಬ್ಬಳೇ ಅವ್ವ,
ದೀನಾ ತಬುತನಿ

*

ಇಟೆನ್
3 ಮಾರ್ಚ್ 1996

ಪ್ರೀತಿಯ ಅವ್ವ,

ಚಹಾ, ಹಾಲು ಎರಡೂ ಬಂದವು. ಹಾಲನ್ನ ಹುಡುಗಿಯರು ಒಂದೇ ಸಂಜೆಗೆ ಖಾಲಿ ಮಾಡಿದರು. ಚಹಾದ ಮಾತು ಆಮೇಲೆ ಹೇಳ್ತೀನಿ, ಕೋಪ ಮಾಡಿಕೊಳ್ಳಬಾರದು.

ನಾನು ಸೋಮಾರಿಯಲ್ಲ ಅವ್ವ. ಹೋದ ವಾರ ದೂರದ ಓಟದ ದಿನ ಏರು ಶುರುವಾಗುತ್ತಿದ್ದ ಹಾಗೇ ನನ್ನ ಕಾಲು ಬೇರೆ ಯಾರದ್ದೋ ಆಗಿಹೋಯಿತು. ಉಸಿರು ಎದೆಗಿಳಿಯಲೇ ಇಲ್ಲ. ಎಲ್ಲರೂ ಮುಂದೆ ಹೋದರು, ಹೋದ ವರ್ಷವಷ್ಟೇ ಓಡೋಕೆ ಶುರು ಮಾಡಿದ ಹುಡುಗಿಯರೂ. ನಾನು ರಸ್ತೆ ಪಕ್ಕ ಕೂತೆ, ಆಮೇಲೆ ನಡೆದುಕೊಂಡು ಬಂದೆ.

ಕೋಚ್ ಬೈತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಸೀದಾ ನನ್ನ ಕೋಣೆಗೆ ಬಂದು ದಿಂಬು ಎತ್ತಿದರು. ಅಡಿಯಲ್ಲಿ ನನ್ನ ಕಲ್ಲುಗಳಿದ್ದವು. ಸಂತೆಯಲ್ಲಿ ಬಸುರಿಯರಿಗೆ ಮಾರ್ತಾರಲ್ಲ, ಬಾಯಲ್ಲಿಟ್ಟರೆ ಕರಗೋ ಮೆತ್ತನೆ ಮಣ್ಣುಕಲ್ಲು, ಅವು. ಕೆಲವು ತಿಂಗಳಿಂದ ಅದನ್ನ ಚೀಪದೆ ಇರೋಕೆ ಆಗ್ತಿರಲಿಲ್ಲ. ನಾಚಿಕೆಯಾಗಿ ಯಾರಿಗೂ ಹೇಳಿರಲಿಲ್ಲ.

“ಯಾವಾಗಿಂದ ಮಣ್ಣು ತಿಂತಿದ್ದೀಯ?” ಅಂದರು.

“ನಾನು ಬಸುರಿ ಅಲ್ಲ ಕೋಚ್, ಆಣೆಗೂ ಅಲ್ಲ.”

“ಗೊತ್ತು. ನಿನ್ನವ್ವನೂ ಆಗಿರಲಿಲ್ಲ. ಮಳೆ ಬಿದ್ದ ಕೂಡಲೇ ಹುತ್ತದ ಮಣ್ಣು ಮುರಿದು ಬಾಯಿಗೆ ಹಾಕಿಕೊಳ್ತಿದ್ದಳು. ಹಾಕು ಚಪ್ಪಲಿ, ಎಲ್ಡೊರೆಟ್‌ಗೆ ಹೋಗೋಣ.”

ಅಲ್ಲಿ ನೆಕೆಸಾ ಅಂತ ಒಬ್ಬ ಡಾಕ್ಟರಮ್ಮ ಇದ್ದಾರೆ. ಓಡುವವರ ಮೈಯಲ್ಲಿ ಕಬ್ಬಿಣ ಎಷ್ಟಿದೆ, ಸತು ಎಷ್ಟು, ತಾಮ್ರ ಎಷ್ಟು ಅಂತ ನೋಡೋದೇ ಅವರ ಕೆಲಸ. ನಮ್ಮ ಬೆನ್ನಿಗೆ ಪಟ್ಟಿ ಅಂಟಿಸಿ ಓಡಿಸಿ ಬೆವರನ್ನೂ ಹಿಡಿದಿಟ್ಟುಕೊಳ್ತಾರೆ. ನನ್ನ ರಕ್ತವನ್ನ ನೈರೋಬಿಗೆ ಕಳಿಸಿ ತರಿಸಿದರು. ಬೇರೆ ಎಲ್ಲ ಸರಿಯಿದೆ, ಕಬ್ಬಿಣ ಮಾತ್ರ ಹೆಚ್ಚುಕಡಿಮೆ ಬರಿದಾಗಿದೆಯಂತೆ. ಕಣಜದ ತಳ ಕೆರೆದ ಹಾಗೆ ಅಂದರು. ತಿಂಗಳ ಮುಟ್ಟಿನಲ್ಲಿ ಹೋಗುತ್ತೆ, ಬೆವರಲ್ಲಿ ಸ್ವಲ್ಪ ಹೋಗುತ್ತೆ, ಕಾಲು ನೆಲಕ್ಕೆ ಬಡಿದು ಬಡಿದು ಪಾದದಲ್ಲೇ ರಕ್ತದ ಕಣ ಒಡೆದು ಹೋಗುತ್ತಂತೆ. ಹೋದಷ್ಟು ಬರ್ತಿಲ್ಲ. ಕಬ್ಬಿಣ ಇಲ್ಲದಿದ್ದರೆ ಉಸಿರು ಎಳೆದರೂ ಕಾಲಿಗೆ ಮುಟ್ಟಲ್ಲ. ಮಣ್ಣು ತಿನ್ನೋ ಬಯಕೆಯೂ ಅದರಿಂದಲೇ.

ಈಗ ಚಹಾದ ಮಾತು. ಊಟದ ಜೊತೆ ಚಹಾ ಕುಡಿದರೆ ಊಟದಲ್ಲಿರೋ ಕಬ್ಬಿಣ ಮೈಗೆ ಹತ್ತಲ್ಲವಂತೆ. ಅದಕ್ಕೇ ಕೋಚ್ ಊಟದ ಮನೆಯಿಂದ ಚಹಾ ಕೆಟಲ್ ಎತ್ತಿಸಿಬಿಟ್ಟಿದ್ದಾರೆ. ನಿನ್ನ ಡಬ್ಬಿ ಅವರ ಬೀರುವಿನಲ್ಲಿದೆ.

ಅವ್ವ, ನೀನು ನಿಜವಾಗ್ಲೂ ಮಣ್ಣು ತಿಂತಿದ್ದೆಯಾ?

ನಿನ್ನ ಮಗಳು,
ಲೋಯಿಸ್ ಜೆಬಿವೊಟ್

*

ಕಪ್ಸಬೆಟ್
10 ಮಾರ್ಚ್ 1996

ಲೋಯಿಸ್,

ನಿನ್ನ ಕಾಗದವನ್ನ ನಿಮ್ಮಪ್ಪನಿಗೆ ಓದಿ ಹೇಳಿದೆ. “ಕಬ್ಬಿಣ ಕಮ್ಮಿ ಆಗೋಕೆ ಅವಳೇನು ಗುದ್ದಲಿಯಾ?” ಅಂತ ನಕ್ಕ. ನನಗೆ ನಗು ಬರಲಿಲ್ಲ. ನೀನು ಓಡೋಕೆ ಹೋದೆಯೋ, ಮೈಯಲ್ಲಿ ಗಣಿ ತೋಡಿಸಿಕೊಳ್ಳೋಕೆ ಹೋದೆಯೋ?

ನಮ್ಮ ಚಹಾ ನಿನ್ನ ರಕ್ತ ಕುಡಿಯುತ್ತಾ? ಯಾರು ಹೇಳಿದ್ದು, ಜೆಮಯೊ ತಾನೆ? ಈ ಚಹಾದಿಂದಲೇ ನಿನ್ನ ಶಾಲೆ ಆಯಿತು. ನಿನ್ನ ಮೊದಲ ಬೂಟು ಬಂದದ್ದೂ ಈ ಚಹಾದಿಂದಲೇ. ನೀನು ಹೊಟ್ಟೆಯಲ್ಲಿದ್ದಾಗಲೂ ನಾನು ಎಲೆ ಕಿತ್ತವಳು. ಆ ಡಬ್ಬಿಗೆ ಇಟ್ಟಿದ್ದು ನಾನು ಬೇರೆ ಆರಿಸಿಟ್ಟ ಎಲೆ, ಬರೀ ಎಳೇ ಚಿಗುರು. ಅದನ್ನ ಬೀರುವಿನಲ್ಲಿಟ್ಟುಕೊಂಡಿದ್ದಾಳೆ. ನಿನಗೆ ಕುಡಿಯೋಕೆ ಬಿಡದೆ ತಾನು ಕುಡೀತಾಳೆ, ನೋಡ್ತಾ ಇರು.

ಇಪ್ಪತ್ತೆರಡು ವರ್ಷದ ಹಿಂದೆ ನನ್ನಿಂದ ಕಿತ್ತುಕೊಂಡದ್ದು ಸಾಲಲಿಲ್ಲ ಅವಳಿಗೆ. ಈಗ ನಿನ್ನ ದಿಂಬಿನ ಅಡಿಗೂ ಕೈ ಹಾಕಿದ್ದಾಳೆ. ಹೆತ್ತವಳಿಗೆ ಗೊತ್ತಾಗದ್ದು ಅವಳಿಗೆ ಗೊತ್ತಾಯಿತಾ?

ಈಸ್ಟರ್‌ಗೆ ಮನೆಗೆ ಬಾ. ಒಂದು ಕೋಳಿ ಕೊಯ್ತೀನಿ, ಒಂದು ವಾರ ಮಲಗು, ಎಲ್ಲ ಸರಿಹೋಗುತ್ತೆ.

ಮಣ್ಣಿನ ವಿಷಯ ಕೇಳಿದ್ದೀಯ. ನನಗೆ ನೆನಪಿಲ್ಲ.

ಅವ್ವ

*

ಇಟೆನ್
14 ಏಪ್ರಿಲ್ 1996

ಪ್ರೀತಿಯ ಅವ್ವ,

ಈಸ್ಟರ್‌ಗೆ ಬರಲಾಗಲಿಲ್ಲ, ಬೇಜಾರು ಮಾಡ್ಕೋಬೇಡ. ಔಷಧಿ ಶುರುವಾಗಿದೆ, ಮಧ್ಯೆ ಬಿಡೋ ಹಾಗಿಲ್ಲ. ಕಪ್ಪನೆ ನೀರು, ತುಕ್ಕು ನೆಕ್ಕಿದ ರುಚಿ. ಹಲ್ಲಿಗೆ ಕಲೆ ಹತ್ತುತ್ತೆ ಅಂತ ಕೊಳವೆಯಲ್ಲಿ ಹೀರ್ತೀನಿ, ಮೇಲೆ ಕಿತ್ತಳೆ ರಸ. ಕಕ್ಕಸಿಗೆ ಹೋದರೆ ಅದೂ ಕಪ್ಪು! ಮೊದಲ ದಿನ ಹೆದರಿ ಕೂಗಿಕೊಂಡೆ, ಇಡೀ ಕ್ಯಾಂಪು ನಕ್ಕಿತು.

ಕೋಚ್ ವಾರಕ್ಕೊಮ್ಮೆ ಹಸುವಿನ ಪಿತ್ತಜನಕಾಂಗ ತರಿಸಿ ತಾವೇ ಹುರೀತಾರೆ. ನನಗೆ ವಾಸನೆಗೇ ವಾಂತಿ ಬರುತ್ತೆ. ನಿನ್ನೆ ಪಕ್ಕ ಕೂತು ತುತ್ತು ಮಾಡಿ ಬಾಯಿಗೆ ಇಟ್ಟರು. “ನುಂಗು, ನುಂಗು, ಇದು ಕೊನೇದು” ಅಂತ ಹೇಳ್ತಾ ಹೇಳ್ತಾ ಪೂರ್ತಿ ತಟ್ಟೆ ತಿನ್ನಿಸಿದರು.

ಅವ್ವ, ಮೊನ್ನೆ ಏರಿನಲ್ಲಿ ನಾನು ಎರಡನೆಯವಳಾಗಿ ಬಂದೆ! ಕಾಲು ಮತ್ತೆ ನನ್ನದಾಗಿದೆ. ಮಣ್ಣುಕಲ್ಲು ಎದುರಿಗಿಟ್ಟರೂ ಬೇಡ ಅನಿಸುತ್ತೆ.

ನೀನೂ ಒಂದು ಸಲ ರಕ್ತ ತೋರಿಸು. ಏರು ಹತ್ತುವಾಗ ನಿನಗೆ ಉಸಿರು ಸಿಗಲ್ಲ ಅಂತ ಅಪ್ಪ ಹೇಳ್ತಿದ್ದ. ಡಾಕ್ಟರಮ್ಮ ಒಳ್ಳೆಯವರು.

ನಿನ್ನ ಲೋಯಿಸ್

*

ಕಪ್ಸಬೆಟ್
12 ಮೇ 1996

ಮಗಾ,

ಅಪ್ಪ ಕಾಗದ ಬರೆದಿದ್ದಾನೆ ಅಂತ ಹೆದರಬೇಡ, ಯಾರೂ ಸತ್ತಿಲ್ಲ.

ನಿನ್ನ ಕಾಗದ ಬಂದಾಗಿನಿಂದ ನಿಮ್ಮವ್ವ ನಿನಗೆ ಉತ್ತರ ಬರೆದಿಲ್ಲ, ನನ್ನ ಜೊತೆಯೂ ಮಾತು ಕಮ್ಮಿ. ಕಪ್ಪು ನೀರು, ಕಕ್ಕಸು ಅಂತ ನೀನು ಬರೆದದ್ದಕ್ಕೆಲ್ಲ ಏನೂ ಅನ್ನಲಿಲ್ಲ. ‘ತುತ್ತು ಮಾಡಿ ಬಾಯಿಗೆ ಇಟ್ಟರು’ ಅಂತ ಬಂತಲ್ಲ, ಅಲ್ಲಿಗೆ ಕಾಗದ ಮಡಚಿಟ್ಟಳು. ನೀನು ಅದನ್ನ ಬರೀಬಾರದಿತ್ತು ಕಣವ್ವ. ಅಪ್ಪನಾಗಿ ಇಷ್ಟು ಹೇಳಬಲ್ಲೆ.

ಮುಂದಿನ ಶನಿವಾರ ನಿನ್ನನ್ನ ಕರ್ಕೊಂಡು ಬರೋಕೆ ಇಟೆನ್‌ಗೆ ಬರ್ತಾಳಂತೆ. ಚರ್ಚಿಗೆ ಹೋಗೋ ಬಟ್ಟೆ ಇಸ್ತ್ರಿ ಮಾಡಿಟ್ಟಿದ್ದಾಳೆ. ನಾನು ಬೇಡ ಅಂದೆ. ಕೇಳ್ತಾಳಾ? ಕೋಚಮ್ಮನಿಗೂ ಹೇಳಿರು. ಗಾಜಿನ ಸಾಮಾನು ಒಳಗಿಡೋದು ಒಳ್ಳೇದು.

ಅಪ್ಪ

*

ಇಟೆನ್
19 ಮೇ 1996

ಪ್ರೀತಿಯ ಅಪ್ಪ,

ಅವ್ವ ಮನೆ ಮುಟ್ಟಿರಬೇಕು. ಏನೂ ಹೇಳಿರಲ್ಲ. ಅದಕ್ಕೇ ಇಲ್ಲಿ ನಡೆದದ್ದನ್ನ ನಾನು ಬರೀತಿದ್ದೀನಿ.

ನಿನ್ನೆ ಡಾಕ್ಟರಮ್ಮ ಅಲ್ಲೇ ರಕ್ತ ಅಳೆಯೋ ಪುಟ್ಟ ಯಂತ್ರ ತಗೊಂಡು ಕ್ಯಾಂಪಿಗೆ ಬಂದಿದ್ದರು. ನಾವೆಲ್ಲ ಅಂಗಿ ತೋಳು ಮಡಚಿಕೊಂಡು ಅಂಗಳದಲ್ಲಿ ಸಾಲಾಗಿ ಕೂತಿದ್ದೆವು. ಅವ್ವ ಗೇಟಿನಿಂದ ಸೀದಾ ನನ್ನ ಕೋಣೆಗೆ ಹೋದಳು, ನನ್ನ ಬಟ್ಟೆ ಗಂಟು ಕಟ್ಟಿ ತಂದು ಬಾಗಿಲಲ್ಲಿ ಕುಕ್ಕಿದಳು. “ಏಳು. ಹೋಗೋಣ” ಅಂದಳು.

ಕೋಚ್ ಹೊರಗೆ ಬಂದರು. “ಬಾ ತಬುತನಿ. ಇಷ್ಟು ವರ್ಷ ಆಯಿತು, ಇನ್ನೂ ಮುಖ ಊದಿಸಿಕೊಂಡೇ ಇದ್ದೀಯ.”

“ನಂದು ಕೋಪಕ್ಕೆ ಊದಿರೋದು. ನಿಂದು ತಿಂದು ಊದಿರೋದು.”

ಹುಡುಗಿಯರು ಕಿಸಕ್ ಅಂದರು. ಕೋಚೂ ನಕ್ಕರು. “ಮಗಳನ್ನ ಕರ್ಕೊಂಡು ಹೋಗೋದಾದರೆ ಹೋಗು. ಆಯ್ಕೆಗೆ ಒಂದು ತಿಂಗಳಿದೆ. ನೀನು ತಪ್ಪಿಸಿಕೊಂಡ ವಿಮಾನವನ್ನ ಅವಳೂ ತಪ್ಪಿಸಿಕೊಳ್ಳಲಿ.”

“ನಾನೇನು ತಪ್ಪಿಸಿಕೊಂಡೆನಾ? ಕಾಲು ಸತ್ತುಹೋಯಿತು!”

“ಯಾಕೆ ಸತ್ತಿತು ಅಂತ ಗೊತ್ತಾಗೋದು ಬೇಡವಾ? ಇಲ್ಲೇ ಡಾಕ್ಟರ್ ಕೂತಿದ್ದಾರೆ. ಒಂದು ಚುಚ್ಚು, ಅಷ್ಟೇ. ಓ, ಸೂಜಿ ಕಂಡರೆ ಭಯ ಅಲ್ಲವಾ ನಿನಗೆ? ಮರೆತಿದ್ದೆ, ಬಿಡು.”

ಅಪ್ಪ, ನಿನಗೆ ಅವ್ವ ಗೊತ್ತಲ್ಲ. ಸೀದಾ ಹೋಗಿ ಡಾಕ್ಟರಮ್ಮನ ಎದುರು ಕೂತು ತೋಳು ಚಾಚಿದಳು. “ಮೊದಲು ಅವಳಿಂದ ತೆಗೀರಿ, ಆಮೇಲೆ ನನ್ನಿಂದ. ಯಾರದ್ದು ಜಾಸ್ತಿ ಅಂತ ಎಲ್ಲರ ಎದುರಿಗೆ ಹೇಳಬೇಕು.”

ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತರು, ಭುಜಕ್ಕೆ ಭುಜ ತಾಗೋ ಹಾಗೆ, ಆದರೆ ಒಬ್ಬರನ್ನೊಬ್ಬರು ನೋಡದೆ. ಡಾಕ್ಟರಮ್ಮ ಕೋಚ್ ರಕ್ತ ನೋಡಿ, “ಚೆನ್ನಾಗಿದೆ, ಹುಡುಗಿಯರಿಗಿಂತ ಗಟ್ಟಿ” ಅಂದರು. ಅವ್ವನ ರಕ್ತ ನೋಡಿದರು. ಇನ್ನೊಂದು ಸಲ ಚುಚ್ಚಿ ನೋಡಿದರು. ಕಣ್ಣಿನ ರೆಪ್ಪೆ ಕೆಳಗೆ ಎಳೆದರು. ಒಳಗೆ ಬಿಳುಚಿಕೊಂಡಿತ್ತು, ನಾನು ಯಾವತ್ತೂ ಗಮನಿಸಿರಲಿಲ್ಲ. ಕಿವಿಯಲ್ಲಿ ಏನೋ ಕೇಳಿದರು. ಅವ್ವ ತಲೆ ತಗ್ಗಿಸಿ, “ಯಾವಾಗಲೂ ಹಾಗೇ, ಮೊದಲಿಂದಲೂ ಜಾಸ್ತಿ ಹೋಗುತ್ತೆ. ಎಲ್ಲ ಹೆಂಗಸರಿಗೂ ಹಾಗೇ ಅಲ್ಲವಾ?” ಅಂದಳು.

“ಇಲ್ಲಮ್ಮ, ಹಾಗಲ್ಲ. ಇಷ್ಟೇ ರಕ್ತ ಇಟ್ಟುಕೊಂಡು ನೀವು ಗುಡ್ಡದಲ್ಲಿ ಬುಟ್ಟಿ ಹೊರ್ತೀರಾ? ಬೇರೆ ಯಾರಾದರೂ ಆಗಿದ್ದರೆ ಹಾಸಿಗೆ ಬಿಟ್ಟು ಏಳ್ತಿರಲಿಲ್ಲ.”

ಅವ್ವ ಮುಖ ಎತ್ತಿ ಕೇಳಿದಳು: “ಹಾಗಾದರೆ ಗೆದ್ದದ್ದು ನಾನೇ ತಾನೆ?”

ಯಾರೂ ನಗಲಿಲ್ಲ. ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡರು. ನಾಳೆಯೇ ದೊಡ್ಡಾಸ್ಪತ್ರೆಗೆ ಹೋಗಬೇಕು, ಗರ್ಭಕೋಶವನ್ನೂ ನೋಡಿಸಬೇಕು ಅಂದರು.

ಆಗ ಕೋಚ್ ಅವ್ವನ ಕಡೆ ತಿರುಗದೆ ಮೆಲ್ಲಗೆ ಹೇಳಿದರು: “ನಕುರುವಿನಲ್ಲಿ ಕೊನೆಯ ಸುತ್ತಿನವರೆಗೂ ನಿನ್ನ ಉಸಿರು ನನ್ನ ಕುತ್ತಿಗೆಗೆ ತಾಗ್ತಾನೇ ಇತ್ತು ತಬುತನಿ. ಇಂಥ ರಕ್ತದಲ್ಲಿ ಓಡಿದೆಯಾ ನೀನು?”

ಅವ್ವ ಎದ್ದಳು, ಬಟ್ಟೆ ಕೊಡವಿಕೊಂಡಳು, ಗೇಟಿನ ಕಡೆ ನಡೆದಳು. ಓಡಿ ಹೋಗಿ ಹಿಡಿದುಕೊಂಡೆ. “ನೀನು ಇಲ್ಲೇ ಇರು” ಅಂದಳು. ಮಟಾಟು ಹತ್ತಿ ಆಚೆ ಪಕ್ಕದ ಕಿಟಕಿಯ ಹತ್ತಿರ ಕೂತುಬಿಟ್ಟಳು. ನನಗೆ ಮುಖ ಕಾಣಲಿಲ್ಲ.

ಆಸ್ಪತ್ರೆಗೆ ಕರ್ಕೊಂಡು ಹೋಗು ಅಪ್ಪ. ಬೈದರೂ ಬಿಡಬೇಡ.

ಲೋಯಿಸ್

*

ಕಪ್ಸಬೆಟ್
5 ಜೂನ್ 1996

ಮಗಳು ಲೋಯಿಸ್‌ಗೆ,

ಆಸ್ಪತ್ರೆಯಿಂದ ಬಂದೆ. ಎರಡು ಬಾಟಲಿ ರಕ್ತ ಏರಿಸಿದರು. ಗರ್ಭಕೋಶದಲ್ಲಿ ಗಡ್ಡೆ ಇದೆಯಂತೆ, ಕೆಟ್ಟದ್ದಲ್ಲವಂತೆ, ಮಾತ್ರೆ ಕೊಟ್ಟಿದ್ದಾರೆ. ಆ ಕಪ್ಪು ನೀರನ್ನೂ ಕೊಟ್ಟಿದ್ದಾರೆ. ನೀನು ಬರೆದದ್ದು ಸರಿ, ತುಕ್ಕು ನೆಕ್ಕಿದ ಹಾಗೇ ಇದೆ. ಚಹಾವನ್ನ ಊಟ ಮುಗಿದು ತುಂಬಾ ಹೊತ್ತಾದ ಮೇಲೆ ಕುಡೀತೀನಿ. ನಿಮ್ಮಪ್ಪ ಕಾವಲು ಕೂತಿರ್ತಾನೆ.

ಹೌದು, ಮಣ್ಣು ತಿಂತಿದ್ದೆ. ಮಳೆ ಬಿದ್ದ ಹುತ್ತದ ಮಣ್ಣು. ಅದರ ವಾಸನೆಗೆ ನಡು ಓಟದಲ್ಲೂ ಬಾಯಲ್ಲಿ ನೀರು ಬರ್ತಿತ್ತು.

ಜೆಮಯೊ ನಿನಗೆ ಹೇಳಿರದ ಒಂದು ಮಾತಿದೆ. ನಾನು ನಕುರುವಿನಲ್ಲಿ ಬಿದ್ದಾಗ, ಮಣ್ಣು ತಿನ್ನೋದನ್ನ ನೋಡಿದ್ದವರು ಇವಳು ಬಸುರಿ ಅಂದರು. ಅಲ್ಲ ಅಂದವರು ಸೋಮಾರಿ ಅಂದರು. ನಮ್ಮಪ್ಪ ಮೊದಲ ಮಾತನ್ನ ನಂಬಿ ಹೆದರಿ, ಮಳೆಗಾಲಕ್ಕೆ ಮುಂಚೆ ಮದುವೆ ಮಾಡಿಬಿಟ್ಟ. ನಿಮ್ಮಪ್ಪ ಒಳ್ಳೆಯವನು, ಅದು ಬೇರೆ ಮಾತು. ನೀನು ಹುಟ್ಟಿದ್ದು ಅದಾಗಿ ಎರಡು ವರ್ಷಕ್ಕೆ. ಅಷ್ಟು ಹೊತ್ತಿಗೆ ಯಾರೂ ಲೆಕ್ಕ ಹಾಕ್ತಾ ಕೂತಿರಲಿಲ್ಲ.

ನಿನಗೆ ಇಪ್ಪತ್ತಕ್ಕೇ ಗೊತ್ತಾಯಿತು. ಔಷಧಿಯೂ ಸಿಕ್ಕಿತು, ಪಕ್ಕದಲ್ಲಿ ಕೂತು ತಿನ್ನಿಸೋರೂ ಸಿಕ್ಕಿದರು. ಒಳ್ಳೆಯದಾಯಿತು.

ಇದರ ಕೆಳಗೆ ಇನ್ನೊಂದು ಸಾಲು ಬರೆದು ಹೊಡೆದುಹಾಕಿದ್ದೀನಿ. ಬೆಳಕಿಗೆ ಹಿಡಿದು ಓದೋಕೆ ಹೋಗಬೇಡ.

ಅವ್ವ

*

ಇಟೆನ್
14 ಜೂನ್ 1996

ಅವ್ವ,

ಹಿಡಿದು ನೋಡಿದೆ. ಓದೋಕೆ ಆಗಲಿಲ್ಲ, ಹಾಳೆ ಹರಿಯೋ ಹಾಗೆ ಗೀಚಿದ್ದೀಯ.

ನಾಳೆ ನೈರೋಬಿಗೆ ಹೊರಡ್ತೀವಿ. ಹತ್ತು ಸಾವಿರ ಮೀಟರಿಗೆ ಮೂವರನ್ನ ತಗೊಳ್ತಾರೆ. ಕೋಚ್ ನಿನಗೆ ಬಸ್ಸಿನಲ್ಲಿ ಜಾಗ ಇಟ್ಟಿದ್ದರು. ಡಾಕ್ಟರಮ್ಮ ಬೇಡ ಅಂದರು, ಪ್ರಯಾಣ ಈಗಲೇ ಕೂಡದಂತೆ. ರೇಡಿಯೋದಲ್ಲಿ ಬರುತ್ತೆ. ಕೇಳ್ತೀಯಲ್ಲ?

ನಿನ್ನ ಲೋಯಿಸ್

*

ಕಪ್ಸಬೆಟ್
30 ಜೂನ್ 1996

ಸಿಪ್ಪೋರಾ ಜೆಮಯೊಗೆ,

ನಿನಗೊಂದು ಕಾಗದ ಬರೀತೀನಿ ಅಂತ ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ನೀನೂ ಅಂದುಕೊಂಡಿರಲ್ಲ. ಕೂತುಕೊಂಡು ಓದು.

ರೇಡಿಯೋ ಕೇಳೋಕೆ ಅಕ್ಕಪಕ್ಕದವರೆಲ್ಲ ನಮ್ಮ ಮನೆಗೇ ಬಂದಿದ್ದರು. ಕೊನೆಯ ಸುತ್ತಿನ ಗಂಟೆ ಹೊಡೆದಾಗ ಲೋಯಿಸ್ ಐದನೆಯವಳಾಗಿದ್ದಳು. ಆಮೇಲೆ ಆ ರೇಡಿಯೋದವನು ಅವಳ ಹೆಸರು ಕೂಗೋಕೆ ಶುರು ಮಾಡಿದ. ನಾಲ್ಕು, ಮೂರು, ತಿರುವಿನಲ್ಲಿ ಎರಡು. ಎರಡನೆಯವಳಾಗಿಯೇ ಗೆರೆ ದಾಟಿದಳು. ಅವಳು ತಂಡದಲ್ಲಿದ್ದಾಳೆ. ನಿನಗೆ ಇದೆಲ್ಲ ಗೊತ್ತು, ನೀನು ಅಲ್ಲೇ ನಿಂತಿದ್ದೆ. ಇಲ್ಲಿ ನಡೆದದ್ದು ನಿನಗೆ ಗೊತ್ತಿಲ್ಲ.

ನನ್ನ ಗಂಡ ಕುರ್ಚಿ ಉರುಳಿಸಿ ಕುಣಿದ. ಹೆಂಗಸರು ನಾಲಿಗೆ ಹೊರಳಿಸಿ ಉಲುಲು ಅಂತ ಕೂಗಿದರು. ಎಲ್ಲರೂ ನನ್ನ ಕಡೆ ತಿರುಗಿದರು. ಜೆಮಯೊ, ನನಗೆ ಆಗ ಖುಷಿ ಆಗಲಿಲ್ಲ. ಹೊಟ್ಟೆಯಲ್ಲಿ ಕೆಂಡ ಬಿದ್ದ ಹಾಗಾಯಿತು. ನನ್ನ ಹೊಟ್ಟೆಯಲ್ಲೇ ಹುಟ್ಟಿದ ಮಗಳ ಮೇಲೆ. ಆ ಕೊನೆಯ ಸುತ್ತು ನನ್ನದಾಗಿತ್ತು ಕಣೆ. ನನಗೆ ಕಾಲು ಕೈಕೊಟ್ಟ ಜಾಗದಿಂದಲೇ ಅವಳು ಜೋರು ಮಾಡಿದಳು. ಅವಳಿಗೆ ಔಷಧಿ ಇತ್ತು, ನೀನಿದ್ದೆ. ನನಗೆ ಆ ದಿನ ಒಂದು ಚಮಚ ಆ ತುಕ್ಕುನೀರು ಕೊಡೋಕೆ ಯಾರಿದ್ದರು?

ಚಹಾ ಗಿಡಗಳ ನಡುವೆ ಹೋಗಿ ನಿಂತೆ. ಯಾರಾದರೂ ನೋಡಿದರೆ ಖುಷಿಗೆ ಅಳ್ತಿದ್ದಾಳೆ ಅಂದುಕೊಳ್ಳಲಿ ಅಂತ ಗಟ್ಟಿಯಾಗಿಯೇ ಅತ್ತೆ. ಆಮೇಲೆ ಏರು ಹತ್ತಿದೆ. ಪೂರ್ತಿ ಹತ್ತಿದೆ, ಒಂದು ಸಲವೂ ಕೂರದೆ. ತುದಿಗೆ ಬಂದಾಗ ಉಸಿರು ಇನ್ನೂ ಉಳಿದಿತ್ತು. ಅಲ್ಲಿ ನಿಂತಿದ್ದಾಗ ಖುಷಿ ಬಂತು. ತಡವಾಗಿ ಬಂತು, ಆದರೆ ಬಂತು. ಅವಳ ಹೆಸರನ್ನ ಆ ರೇಡಿಯೋದವನ ಹಾಗೇ ಒಂದು ಸಲ ಕೂಗಿದೆ.

ಇದನ್ನ ಲೋಯಿಸ್‌ಗೆ ಹೇಳಬೇಡ. ಯಾವತ್ತೂ ಹೇಳಬೇಡ. ಗಂಡನಿಗೆ ಹೇಳೋಕಾಗಲ್ಲ, ಪಾದ್ರಿಗೆ ಹೇಳಿದರೆ ಉಪದೇಶ ಮಾಡ್ತಾನೆ. ನನ್ನ ಹೊಟ್ಟೆಕಿಚ್ಚಿನ ರುಚಿ ಮೊದಲಿಂದ ಗೊತ್ತಿರೋಳು ನೀನೊಬ್ಬಳೇ.

ಅವಳಿಗೆ ಇನ್ನು ಮುಂದೆಯೂ ನೀನೇ ತಿನ್ನಿಸು. ಅವ್ವ ಅಂದರೆ ಅನ್ನಿಸಿಕೋ. ನನಗೆ ಉರಿಯುತ್ತೆ, ಉರೀಲಿ.

ಡಿಸೆಂಬರ್ ಹೊತ್ತಿಗೆ ನನ್ನ ಮೈಯಲ್ಲಿ ಕಬ್ಬಿಣ ತುಂಬಿಕೊಳ್ಳುತ್ತೆ ಅಂದಿದ್ದಾರೆ ಡಾಕ್ಟರಮ್ಮ. ಆಗ ಇಲ್ಲಿಗೆ ಬಾ. ನಮ್ಮೂರ ಶಾಲೆಯ ಬಯಲಿದೆ, ನಕುರುವಿನಲ್ಲಿ ಓಡಿದಷ್ಟೇ ಮೂರು ಮುಕ್ಕಾಲು ಸುತ್ತು, ನೀನು ನಾನು ಇಬ್ಬರೇ. ಮಂಡಿ ನೋವು ಅಂತ ನೆಪ ಹೇಳಬೇಡ. ವಯಸ್ಸಾಯಿತು ಅಂತಲೂ ಹೇಳಬೇಡ, ನನಗಿಂತ ನೀನು ಒಂದು ವರ್ಷ ಚಿಕ್ಕವಳು. ನಾನು ಗೆಲ್ಲಲೇಬೇಕು ಅಂತ ಕರೀತಿಲ್ಲ. ಒಂದು ಸಲ, ಮೈತುಂಬ ರಕ್ತ ಇಟ್ಟುಕೊಂಡು ನಿನ್ನ ಎದುರು ಸೋಲಬೇಕು.

ನಾನೇ ಗೆದ್ದರೂ ನನಗೇನೂ ಬೇಜಾರಿಲ್ಲ.

ದೀನಾ ತಬುತನಿ